ಬೀಜ ಮತ್ತು ನೆಲ

ಬಿತ್ತಿದ ಬೀಜವೆಲ್ಲ ಮೊಳೆಯುವುದಿಲ್ಲವೆಂಬುದನ್ನು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಯಾನ್ಸರಿನ ವಿಷಯದಲ್ಲಿಯೂ ಇದು ಸತ್ಯವೆಂದು 1889ರಲ್ಲಿ ಸೂಚಿಸಿದವರು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. ಸ್ತನದ ಕ್ಯಾನ್ಸರಿನಿಂದ ಮೃತರಾದ 700ಕ್ಕೂ ಹೆಚ್ಚು ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ, ರೋಗದ ಕೋಶಗಳು ಎಲ್ಲೆಡೆಗೆ ಚೆದರಿದರೂ ತಮಗೆ ಒಗ್ಗುವ ಅಂಗದಲ್ಲಿ ಮಾತ್ರ ಬೇರೂರುತ್ತವೆಂದು ಅವರು ತರ್ಕಿಸಿದರು. ಅಂಡಾಶಯದ ಕ್ಯಾನ್ಸರು ಈ ಮಾತಿಗೆ ಒಳ್ಳೆಯ ನಿದರ್ಶನ.

ಅಂಡಾಶಯಗಳೆರಡೂ ಕಿಬ್ಬೊಟ್ಟೆಯಲ್ಲಿ, ಗರ್ಭಕೋಶದ ಇಕ್ಕೆಲಗಳಲ್ಲಿ, ಬಾದಾಮಿಯ ಆಕಾರದಲ್ಲಿವೆ. ಉದರದ ಒಳಗುಹೆಗೂ ಅವಕ್ಕೂ ನಡುವೆ ಭದ್ರವಾದ ಗೋಡೆಯಿಲ್ಲ. ಅಂಗಗಳು ಒಂದಕ್ಕೊಂದು ಉಜ್ಜದಿರಲೆಂದು ಆ ಗುಹೆಯಲ್ಲಿ ಸ್ವಲ್ಪ ದ್ರವವಿರುತ್ತದೆ. ಬೇರೆ ಎಷ್ಟೋ ಕ್ಯಾನ್ಸರುಗಳು ದೂರಕ್ಕೆ ಹರಡಲು ರಕ್ತನಾಳವನ್ನು ಭೇದಿಸಬೇಕು. ಇದಕ್ಕೆ ಆ ಶ್ರಮ ಬೇಕಿಲ್ಲ. ಗಡ್ಡೆಯಿಂದ ಕಳಚಿದ ಕೋಶಗಳು ಒಂಟಿಯಾಗಿಯೋ ಗುಂಪಾಗಿಯೋ ದ್ರವದಲ್ಲಿ ತೇಲತೊಡಗುತ್ತವೆ. ಎದೆಗೂ ಹೊಟ್ಟೆಗೂ ನಡುವಣ ವಪೆಯು ಉಸಿರಾಟದೊಡನೆ ಏರಿಳಿಯುವಾಗ ದ್ರವವು ಮೆಲ್ಲನೆ ಮೇಲಕ್ಕೆ, ಹೆಚ್ಚಾಗಿ ಬಲಪಾರ್ಶ್ವದಲ್ಲಿ, ಸರಿಯುತ್ತದೆ. ಕಿಬ್ಬೊಟ್ಟೆಯ ರೋಗ ಹೀಗೆ ಯಕೃತ್ತಿನ ಮೇಲಿನ ವಪೆಯನ್ನು ಮುಟ್ಟುತ್ತದೆ. ಜೀವವನ್ನು ಕಾಯುವ ಉಸಿರೇ ರೋಗಕ್ಕೂ ಅಂಬಿಗನಾಗುವುದು ಎಂತಹ ವಿಪರ್ಯಾಸ!

ಈ ಕೋಶಗಳಿಗೆ ಬಹು ಪ್ರಿಯವಾದ ನೆಲವೆಂದರೆ ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪದರ. ವೈದ್ಯರು ಇದನ್ನು ಒಮೆಂಟಮ್ ಎನ್ನುತ್ತಾರೆ. ಅಲ್ಲಿಯ ಕೊಬ್ಬಿನ ಕೋಶಗಳು ಕ್ಯಾನ್ಸರ್ ಕೋಶಗಳನ್ನು ಸೆಳೆದು, ತಮ್ಮ ಕೊಬ್ಬನ್ನೇ ಅವಕ್ಕೆ ಉಣಿಸುತ್ತವೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ತೋರಿಸಿದರು.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದುಂಟು. ಕ್ಯಾನ್ಸರಿನಿಂದ ಹೊಟ್ಟೆಯಲ್ಲಿ ನೀರು ತುಂಬಿ ಬಳಲುವವರಿಗೆ ಉಪಶಮನಕ್ಕಾಗಿ ಆ ನೀರನ್ನು ಕೊಳವೆಯ ಮೂಲಕ ಕುತ್ತಿಗೆಯ ರಕ್ತನಾಳಕ್ಕೆ ಹರಿಸುವ ಕ್ರಮವಿತ್ತು. ನೀರಿನೊಡನೆ ಅಸಂಖ್ಯ ಕ್ಯಾನ್ಸರ್ ಕೋಶಗಳೂ ರಕ್ತವನ್ನು ಸೇರುತ್ತಿದ್ದವು. ಡೇವಿಡ್ ಟಾರಿನ್ ಮತ್ತು ಸಂಗಡಿಗರು ಅಂತಹ ರೋಗಿಗಳ ಅಧ್ಯಯನವನ್ನು 1984ರಲ್ಲಿ ಪ್ರಕಟಿಸಿದರು; ಅವರಲ್ಲಿ ಅಂಡಾಶಯದ ಕ್ಯಾನ್ಸರಿನವರೂ ಇದ್ದರು. ಮರಣಾನಂತರ ಪರೀಕ್ಷಿಸಿದಾಗ ಹಲವರ ಶ್ವಾಸಕೋಶಗಳಲ್ಲಿ ಹೊಸ ಗಡ್ಡೆಗಳೇ ಇರಲಿಲ್ಲ. ಬೀಜ ತಲುಪಿತ್ತು, ನೆಲ ಒಪ್ಪಿರಲಿಲ್ಲ. ಹಾಗೆಂದು ಈ ರೋಗಕ್ಕೆ ರಕ್ತದ ದಾರಿಯಾಗಲಿ ದುಗ್ಧನಾಳಗಳ ದಾರಿಯಾಗಲಿ ಮುಚ್ಚಿದೆಯೆಂದಲ್ಲ.

ಉದರವು ವಿಶಾಲವಾದುದು, ಒಳಗೆ ಇಷ್ಟೆಲ್ಲ ನಡೆದರೂ ಬಹುಕಾಲ ಸುಳಿವು ಕೊಡದು. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಸಾಕೆನಿಸುವುದು, ಮೇಲಿಂದ ಮೇಲೆ ಮೂತ್ರದ ಒತ್ತಡ, ಇವನ್ನು ಮನೆಯ ಹೆಂಗಸು ಅಜೀರ್ಣವೆಂದು ಬಗೆದು ಜೀರಿಗೆಯ ಕಷಾಯದಲ್ಲಿ ವಾರಗಳನ್ನು ಕಳೆಯುತ್ತಾಳೆ. ಹೆಚ್ಚಿನವರಲ್ಲಿ ರೋಗ ಗೊತ್ತಾಗುವ ವೇಳೆಗೆ ಅದು ಕಿಬ್ಬೊಟ್ಟೆಯ ಎಲ್ಲೆಯನ್ನು ದಾಟಿರುತ್ತದೆ. ಆದುದರಿಂದಲೇ ಶಸ್ತ್ರವೈದ್ಯರು ಅಂಡಾಶಯದೊಡನೆ ಒಮೆಂಟಮ್ಮನ್ನೂ ತೆಗೆದು, ದ್ರವವು ಹರಿದ ಜಾಡನ್ನೇ ಹಿಡಿದು ವಪೆಯ ಅಡಿಯವರೆಗೂ ಹುಡುಕುತ್ತಾರೆ.