ಹೆಸರಿಲ್ಲದ ಹೆಂಗಸು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದೆಯೆಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಅಂಥದೊಂದನ್ನು ಪರವಾನಗಿಯಿರುವ ವ್ಯಾಪಾರಿಯಿಂದ ರಸೀದಿ ಸಮೇತ ಕೊಂಡು ತಂದಾಗ ನಮ್ಮ ಯಜಮಾನರು, "ಈ ದುಡ್ಡಿಗೆ ಒಂದು ಜೊತೆ ಓಲೆ ಬರ್ತಿತ್ತಲ್ಲೇ!" ಎಂದರು. ಬರುತ್ತಿತ್ತು, ನಿಜ. ಇದರ ತೂಕ ನಾಲ್ಕು ಗ್ರಾಂ ಕೂಡ ಇಲ್ಲ.

ಒಂದು ಕಡೆ ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್ಸನ ಮುಖ. ಸುತ್ತಲೂ, ದೇವರಾದ ಅಗಸ್ಟಸನ ಮಗ ತಾನೆಂಬ ಬಿರುದು. (ದತ್ತುಪುತ್ರನಿಗೇ ಇಷ್ಟು ಜಂಬ!) ಇನ್ನೊಂದು ಕಡೆ ಪೀಠದ ಮೇಲೆ ಕುಳಿತ ಹೆಂಗಸು. ಅವನ ತಾಯಿ ಲಿವಿಯಾ ಎಂದು ಬಹಳ ವಿದ್ವಾಂಸರ ಊಹೆ. ಊಹೆಯೇ ಏಕೆಂದರೆ ಅವಳ ಸುತ್ತ ಕೆತ್ತಿರುವುದೂ ಮಗನ ಪದವಿಯನ್ನೇ: ಮಹಾಪುರೋಹಿತ.

ಬೇಳೆ ಬೇಯುವಷ್ಟು ಹೊತ್ತು ಭೂತಗನ್ನಡಿ ಹಿಡಿದು ಕೂರುತ್ತೇನೆ. ಅವಳ ಮುಖ ಸವೆದುಹೋಗಿದೆ. ಕೈಯಲ್ಲಿನ ರೆಂಬೆ ಮಾತ್ರ ಇನ್ನೂ ಕಾಣುತ್ತದೆ.