ಹಳಿಯಾಳದ ದಾರಿಯಲ್ಲೊಂದು ಗದ್ದೆ

ಭತ್ತವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ನೀರು ತುಂಬಿದ ಗದ್ದೆ, ಸಾಲಾಗಿ ಬಾಗಿ ಸಸಿ ನೆಡುವ ಹೆಂಗಸರು. ಕರಾವಳಿಗೂ ಮಂಡ್ಯದ ಕಾಲುವೆಯ ಸೀಮೆಗೂ ಈ ಚಿತ್ರವು ಒಪ್ಪತಕ್ಕದ್ದೇ. ಆದರೆ ಧಾರವಾಡದಿಂದ ಪಡುವಣಕ್ಕೆ ಹಳಿಯಾಳದ ದಾರಿ ಹಿಡಿದವರಿಗೆ ಬೇರೊಂದು ನೋಟವು ಕಾದಿರುತ್ತದೆ. ಧಾರವಾಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು; ಮುಂದೆ ಮುಂದೆ ಹೋದಂತೆ ಅದು ಏರುತ್ತದೆ, ಎರೆನೆಲ ಹಿಂದುಳಿದು ಕೆಂಪು ಮಣ್ಣೂ ಕಾಡೂ ಎದುರಾಗುತ್ತವೆ. ಇಲ್ಲಿ ಭತ್ತವನ್ನು ಜೋಳದಂತೆ ಒಣ ಮಣ್ಣಿನಲ್ಲಿಯೇ ಕೂರಿಗೆಯಿಂದ ಬಿತ್ತುತ್ತಾರೆ. ಸಸಿಮಡಿಯಿಲ್ಲ, ನಾಟಿಯಿಲ್ಲ. ಪೈರಿನ ಸಾಲುಗಳ ನಡುವೆ ಎಡೆಕುಂಟೆಯಾಡಿಸಿ ಕಳೆ ತೆಗೆದು, ಪುಷ್ಯದ ಮಳೆ ಬಲಿತ ಮೇಲೆ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಕಲಘಟಗಿ, ಖಾನಾಪುರಗಳಲ್ಲಿಯೂ ಇದೇ ರೂಢಿ.

ನಾವು 2023ರ ಜೂನ್ ತಿಂಗಳ ಕೊನೆಯಲ್ಲಿ ಆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಆ ವರ್ಷ ಮುಂಗಾರು ತಡವಾಗಿತ್ತು. ನಾವು ಇಳಿದುಕೊಂಡ ಮನೆಯವರಿಗೆ ಎರಡು ತುಂಡು ಭೂಮಿ: ಮೇಲೆ ದಿಣ್ಣೆಯ ಹೊಲ, ಕೆಳಗೆ ತಗ್ಗಿನ ಗದ್ದೆ. ಎರಡಕ್ಕೂ ಬೇರೆ ಬೇರೆ ಬೀಜ, ಬೇರೆ ಬೇರೆ ಗಳಗಿ. ಹಿಂದಿನ ವರ್ಷದ ಮಳೆಗೆ ಮಾಡು ಸೋರಿ ಗದ್ದೆಯ ಬೀಜದ ಗಳಗಿ ನೆನೆದಿತ್ತು. ಮನೆಯ ಹಿರಿಯಾಕೆ ನೂರು ಕಾಳೆಣಿಸಿ ಒದ್ದೆಯ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ, ಮೊಳೆತವು ಇಪ್ಪತ್ತೂ ಇಲ್ಲ. ಮಗನು ಪೇಟೆಯಲ್ಲಿ ಸಾಲ ಮಾಡಿ ಹೊಸ ಬೀಜ ತರುವೆನೆಂದು ಹೊರಟು ನಿಂತಿದ್ದನು.

“ಮೊದಲಿನ ಸಾಲಾನ ತೀರಿಲ್ಲೋ ತಮ್ಮಾ. ದಿಣ್ಣಿ ಬೀಜ ಮನ್ಯಾಗ ಬೇಕಾದಷ್ಟೈತಿ, ಅದನ್ನ ಹಾಕು” ಎಂದಳು ತಾಯಿ.

“ಒಣಾ ನೆಲದ ಬೀಜ ಯವ್ವಾ, ನೀರಾಗ ಕೊಳತು ಹೋಗ್ತೈತಿ” ಎಂದನು ಮಗ.

ನೆರೆಯವರೂ ನಕ್ಕರು. ನಮಗೂ ಮಗನ ಮಾತೇ ಸರಿಯೆಂದು ತೋರಿತು. ಅದನ್ನು ಮುಖದಲ್ಲಿ ಕಂಡಳೋ ಏನೋ, ಮುದುಕಿಯು ನಮ್ಮ ಕಡೆ ತಿರುಗಿ, “ಭತ್ತಕ್ಕ ಬೇಕಂತ ನೀರು ನಿಲ್ಲಸೂದಲ್ರಿ, ಕಳಿಗೆ ಆಗೂದಿಲ್ಲಂತ ನಿಲ್ಲಸ್ತೀವಿ” ಎಂದಳು. ಕಡೆಗೆ ಆಕೆಯ ಮಾತೇ ನಡೆಯಿತು. ಹದ ಸಿಕ್ಕಿದೊಡನೆ ದಿಣ್ಣೆಯ ಬೀಜವು ಗದ್ದೆಗೂ ಇಳಿಯಿತು.

ಊರಿಗೆ ಮರಳಿ, ಬಲ್ಲವರನ್ನು ಕೇಳಿ, ಪುಸ್ತಕ ತಿರುವಿ ನೋಡಿದೆವು. ಆಕೆಯ ಮಾತು ಅಕ್ಷರಶಃ ನಿಜ. ದಿಣ್ಣೆಯ ಭತ್ತವೂ ಗದ್ದೆಯ ಭತ್ತವೂ ಒಂದೇ ಸಸ್ಯದ ಎರಡು ಮನೆತನಗಳು. ನೀರು ನಿಂತ ಮಣ್ಣಿನಲ್ಲಿ ಗಾಳಿ ಬೇಗನೆ ತೀರಿ ಇತರ ಗಿಡಗಳ ಬೇರು ಉಸಿರುಗಟ್ಟುತ್ತದೆ. ಭತ್ತಕ್ಕೆ ಮಾತ್ರ ಎಲೆಯಿಂದ ಬೇರಿಗೆ ಗಾಳಿಯನ್ನೊಯ್ಯುವ ಸೂಕ್ಷ್ಮವಾದ ದಾರಿಗಳುಂಟು. ದಿಣ್ಣೆಯ ತಳಿಯೂ ಈ ವರವನ್ನು ಕಳೆದುಕೊಂಡಿಲ್ಲ. ಬಿತ್ತಿದ ಕಾಳು ನೀರಿನಲ್ಲಿ ಮುಳುಗಿದರೆ ಮಾತ್ರ ಕೇಡು, ಬೇರು ಊರದು. ಪೈರು ಗೇಣುದ್ದ ಬೆಳೆದ ಮೇಲೆ ನಾಲ್ಕೈದು ಸೆಂಟಿಮೀಟರು ನೀರು ನಿಂತರೆ ಕಳೆ ಅಡಗಿ, ಪೈರಿಗೆ ಬಾಯಾರಿಕೆಯ ಭಯವಿಲ್ಲದೆ, ದಿಣ್ಣೆಯಲ್ಲಿ ಕೊಡುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಕಾಳನ್ನೇ ಕೊಡುತ್ತದೆ.

ಆದರೆ ಈ ಬೀಜಕ್ಕೆ ತನ್ನ ಹುಟ್ಟುಗುಣವುಂಟು. ಬೇರು ದಪ್ಪ, ಆಳ, ತೆಂಡೆ ಕಡಿಮೆ, ನಿಲುವು ಎತ್ತರ. ಗೊಬ್ಬರವೂ ನೀರೂ ಹೆಚ್ಚಾದರೆ ತೆನೆಯ ಭಾರಕ್ಕೆ ಮಲಗಿಬಿಡುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಿಂದ 1966ರಲ್ಲಿ ಹೊರಬಂದ ಐಆರ್-8 ಎಂಬ ತಳಿಯು ಲೋಕಪ್ರಸಿದ್ಧವಾದುದು ಈ ದೋಷವನ್ನು ನೀಗಿದ್ದರಿಂದಲೇ; ಅದು ಗಿಡ್ಡ, ತೆಂಡೆ ಹೆಚ್ಚು, ಗೊಬ್ಬರ ಉಂಡರೂ ಬೀಳದು. ಒಳ್ಳೆಯ ಗದ್ದೆಯಲ್ಲಿ ದಿಣ್ಣೆಯ ಭತ್ತವು ಅಂಥ ತಳಿಗಳಿಗೆ ಸರಿಗಟ್ಟಲಾರದು.

ಜುಲೈ ಕೊನೆಯಲ್ಲಿ ಮಳೆ ಧಾರಾಳವಾಗಿ ಸುರಿದು ಗದ್ದೆ ತುಂಬಿತೆಂದು ಕಾಗದ ಬಂದಿತು. ಬಳಿಕ ಬಂದುದು ಆಗಸ್ಟ್. 1901ರಿಂದೀಚೆಗೆ ಭರತಖಂಡದಲ್ಲಿ ಅಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇನ್ನೊಂದಿಲ್ಲ. ಆ ತಿಂಗಳ ಕೊನೆಗೆ ನಾವು ಹೋದಾಗ ದಿಣ್ಣೆಯ ಪೈರು ಹಗಲು ಎಲೆ ಸುತ್ತಿಕೊಂಡು ಸೂಜಿಯಂತೆ ನಿಲ್ಲುತ್ತಿತ್ತು. ತಗ್ಗಿನ ಗದ್ದೆಯಲ್ಲಿಯೂ ನಿಂತ ನೀರು ಇಂಗಿತ್ತು. ಆದರೆ ಮೇಲಿನಿಂದ ಜಿನುಗುವ ಒಸರಿಗೆ ಕೆಸರು ಆರಿರಲಿಲ್ಲ. ಮಗನು ಬದುವಿನ ಮೇಲೆ ಕುಳಿತು, “ಕೊಳೀಲಿಲ್ಲ ನೋಡ್ರಿ” ಎಂದಷ್ಟೇ ಹೇಳಿದನು.

ಸೀಗೆಹುಣ್ಣಿಮೆಯ ದಿನ ಮತ್ತೆ ಹೋದೆವು. ಮನೆಯವರೆಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದರು. ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ ತಾವೂ ಉಂಡರು. ದಿಣ್ಣೆಯಲ್ಲಿ ಅರ್ಧಕ್ಕರ್ಧ ಜೊಳ್ಳು. ಗದ್ದೆಯಲ್ಲಿ ಒಂದು ಮೂಲೆಯ ಪೈರು ನೆಲಕ್ಕೊರಗಿತ್ತು, ಅಲ್ಲಿ ಕಾಳೂ ಕಪ್ಪಿಟ್ಟಿತ್ತು. ಉಳಿದದ್ದು ಹೊಂಬಣ್ಣಕ್ಕೆ ತಿರುಗಿ ತೂಗುತ್ತಿತ್ತು. ತುಂಬುಬೆಳೆಯೆನ್ನಲಾಗದು, ಆದರೆ ಸಾಲವಿಲ್ಲದೆ ವರ್ಷದ ಅನ್ನಕ್ಕೆ ಸಾಲುವಷ್ಟಿತ್ತು. ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟ ಆ ವರ್ಷದಲ್ಲಿ ಅದು ಸಣ್ಣ ಮಾತಲ್ಲ.

ಇಷ್ಟಾದ ಮೇಲೆ ಮುಂದಿನ ಬೀಜವನ್ನು ಗದ್ದೆಯ ತುಂಬುದೆನೆಯಿಂದಲೇ ತೆಗೆಯುವರೆಂದು ನಾವೆಣಿಸಿದ್ದೆವು. ಮುದುಕಿಯಾದರೋ ಉಡಿ ಕಟ್ಟಿ ದಿಣ್ಣೆಯ ಹೊಲವನ್ನು ಹೊಕ್ಕಳು. ಆ ಒಣಗಿನಲ್ಲಿಯೂ ಕಾಳು ಕಟ್ಟಿದ್ದ ತೆನೆಗಳನ್ನು ಒಂದೊಂದಾಗಿ ಮುರಿದು ಉಡಿ ತುಂಬಿಕೊಂಡಳು. ನಾವು ಕಾರಣ ಕೇಳಿದೆವು.

“ಗದ್ದೀದು ಉಣ್ಣಾಕ, ದಿಣ್ಣೀದು ಬೀಜಕ್ಕ. ನೀರಿನ ಸುಖಾ ಕಂಡದ್ದನ್ನ ಬಿತ್ತಿಕೋತ ಹೋದ್ರ ಬರಗಾಲದಾಗ ಕೈ ಹಿಡಿಯೂದು ಯಾವುದ್ರಿ?”

ಗದ್ದೆಗೆ ಬೇಕಾದ ಬೀಜವನ್ನು ನೆರೆಮನೆಯಿಂದ ಕಾಳಿಗೆ ಕಾಳು ಕೊಟ್ಟು ತರುವುದೆಂದು ತಾಯಿಮಕ್ಕಳಲ್ಲಿ ಆಗಲೇ ಗೊತ್ತಾಗಿತ್ತು. ನೀರುಳಿಸುವ ಭತ್ತವನ್ನು ಹುಡುಕುತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಒಣನೆಲಕ್ಕೊಪ್ಪುವ ಎಂಎಎಸ್ 946-1 ಎಂಬ ತಳಿಯನ್ನು ಹೊರತಂದರು. ಒಂದು ಕಿಲೋ ಭತ್ತಕ್ಕೆ ಸರಾಸರಿ 2500 ಲೀಟರು ನೀರು ತಗಲುವುದೆಂಬ ಲೆಕ್ಕವನ್ನು ಕೇಳಿದವರಿಗೆ ಆ ಶ್ರಮದ ಬೆಲೆ ತಿಳಿಯದಿರದು. ಅದೇ ವಿವೇಕವನ್ನು ಈ ತಾಯಿ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ನಡೆದಳು. ನಾವು ಸಂಜೆಯ ಬಸ್ಸಿಗೆ ಹೊರಟಾಗ ಮಗನು ಮಾಡಿನ ಹೆಂಚು ತಿರುವುತ್ತಿದ್ದನು. ಕೆಳಗೆ ಹೊಸದಾಗಿ ಸಗಣಿ ಸಾರಿಸಿದ ಎರಡು ಗಳಗಿಗಳು ಬಿಸಿಲಿಗೆ ಆರುತ್ತಿದ್ದುವು.