ಹನ್ನೆರಡು ಶನಿವಾರಕ್ಕೆ ಎಷ್ಟು ಡಾಲರ್?

ಅಮೆರಿಕದ 'ಕಾಲೇಜ್ ಫುಟ್‌ಬಾಲ್' ಅಂದ್ರೆ ನಮ್ಮ ಇಂಟರ್-ಕಾಲೇಜ್ ಟೂರ್ನಿ ಥರ ಏನೋ ಇರಬೇಕು ಅಂದ್ಕೊಂಡವರಿಗೆ ಒಂದು ಸಂಖ್ಯೆ ಸಾಕು: 1,07,601. ನಾನು ಎಂಎಸ್ ಮಾಡ್ತಿರೋ ಆ್ಯನ್ ಆರ್ಬರ್ ಊರಿನ ಮಿಷಿಗನ್ ಸ್ಟೇಡಿಯಂನಲ್ಲಿ ಇಷ್ಟು ಜನ ಕೂರಬಹುದು. ಎರಡು ಚಿನ್ನಸ್ವಾಮಿ ತುಂಬಿಸಿದ್ರೂ ಇಲ್ಲಿ ಜಾಗ ಮಿಗುತ್ತೆ. ಆಡೋರು ಮಾತ್ರ ವಿದ್ಯಾರ್ಥಿಗಳೇ. ಚೆಂಡನ್ನ ಕಾಲಲ್ಲಿ ಒದೆಯೋದಕ್ಕಿಂತ ಕೈಯಲ್ಲಿ ಅವುಚಿಕೊಂಡು ಓಡೋದೇ ಜಾಸ್ತಿ. ಹಾಗಿದ್ದೂ ಫುಟ್‌ಬಾಲ್ ಅನ್ನೋ ಹೆಸರು ಯಾಕೆ ಅನ್ನೋ ಜಗಳ ಇವತ್ತು ಬೇಡ.

ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಒಂದು ತಂಡಕ್ಕೆ ಹನ್ನೆರಡು ಮ್ಯಾಚ್, ಹೆಚ್ಚಾಗಿ ಶನಿವಾರ. ಸೋಮವಾರ ಬೆಳಿಗ್ಗೆ ಲ್ಯಾಬ್‌ನಲ್ಲಿ ಮೊದಲ ಅರ್ಧ ಗಂಟೆ ಅದೇ ಮಾತು. ಬಂದ ವರ್ಷ ನಾನು ಕಾಫಿ ಕಪ್ ಹಿಡ್ಕೊಂಡು, ಎಲ್ಲರೂ ನಕ್ಕಾಗ ನಕ್ಕು ಸುಮ್ಮನೆ ನಿಂತಿರ್ತಿದ್ದೆ. ಹಾಗೆ ನಿಂತು ಅಭ್ಯಾಸ ಇರೋರಿಗೆ ಗೊತ್ತು, ಅದು ಎಷ್ಟು ಉದ್ದದ ಅರ್ಧ ಗಂಟೆ ಅಂತ. ಅದಕ್ಕೇ 2025ರ ಸೀಸನ್ ಪೂರ್ತಿ ನೋಡೋದು ಅಂತ ನಮ್ಮ ಮನೆಯ ನಾಲ್ಕೂ ಜನ ಕೂತು ತೀರ್ಮಾನ ಮಾಡಿದ್ವಿ: ಇಬ್ಬರು ಕನ್ನಡದವರು, ಒಬ್ಬ ಗುಂಟೂರಿನವನು, ಒಬ್ಬ ಪುಣೆಯವನು. ನಾಲ್ವರ ತಲೆ ಮೇಲೂ ಎಜುಕೇಶನ್ ಲೋನ್.

ಕೇಬಲ್ ಮಾತೇ ಬೇಡ, ಅದು ದುಬಾರಿ. ಎಲ್ಲರೂ ಮೊದಲು ಹೇಳೋದು ಯೂಟ್ಯೂಬ್ ಟೀವಿ. 2017ರಲ್ಲಿ ಶುರುವಾದಾಗ ಅದು ತಿಂಗಳಿಗೆ 35 ಡಾಲರ್ ಇತ್ತು, 2025ರಲ್ಲಿ 82.99. ಹುಲು ಲೈವ್, ಫುಬೋ ಎಲ್ಲ ಅದೇ ಜಾತಿ, ಇಂಟರ್ನೆಟ್ ಮೇಲೆ ಬರೋ ಕೇಬಲ್ ಅಷ್ಟೇ. ನಾಲ್ಕು ತಿಂಗಳಿಗೆ 332 ಡಾಲರ್. ನಾಲ್ಕು ಪಾಲು ಹಾಕಿದ್ರೂ ತಲೆಗೆ ಏಳು ಸಾವಿರ ರೂಪಾಯಿ ದಾಟುತ್ತೆ. ನನ್ನ ಲೋನಿನ ಬಡ್ಡಿ ತಿಂಗಳು ತಿಂಗಳು ಕಟ್ತಿರೋದು ಅಪ್ಪ. ಟೀವಿಗೆ ಏಳು ಸಾವಿರ ಹಾಕಿದೆ ಅಂತ ಅವರಿಗೆ ಫೋನಲ್ಲಿ ಹೇಳೋಕೆ ನನಗಂತೂ ಬಾಯಿ ಬರ್ತಿರಲಿಲ್ಲ.

ಇಷ್ಟಕ್ಕೂ ಇದು ಯಾಕಿಷ್ಟು ಗೋಜಲು? ಐಪಿಎಲ್‌ಗೆ ಬಿಸಿಸಿಐ ಒಂದೇ ಮಾಲೀಕ. ಒಂದು ಆ್ಯಪ್ ಇದ್ರೆ ಎಲ್ಲ ಮ್ಯಾಚೂ ಸಿಗುತ್ತೆ. ಇಲ್ಲೂ ಒಂದು ಕಾಲಕ್ಕೆ ಎನ್‌ಸಿಎಎ ಅನ್ನೋ ಸಂಸ್ಥೆ, ಯಾವ ಕಾಲೇಜು ಎಷ್ಟು ಸಲ ಟೀವಿಯಲ್ಲಿ ಬರಬೇಕು ಅಂತ ತಾನೇ ನಿಗದಿ ಮಾಡ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಿಡಿತ ತಪ್ಪಿಸ್ತು. ಅಲ್ಲಿಂದೀಚೆಗೆ 'ಕಾನ್ಫರೆನ್ಸ್' ಅನ್ನೋ ಕಾಲೇಜು ಗುಂಪುಗಳು ತಂತಮ್ಮ ಹಕ್ಕು ತಾವೇ ಮಾರ್ಕೊಳ್ತವೆ. ಮಿಷಿಗನ್ ಇರೋದು ಬಿಗ್ ಟೆನ್ ಗುಂಪಲ್ಲಿ. (ಹೆಸರು ಬಿಗ್ ಟೆನ್, ಈಗ ಇರೋ ತಂಡಗಳು 18. ಎಂಜಿನಿಯರ್‌ಗಳು ಇದನ್ನ ಕ್ಷಮಿಸಬಾರದು.) 2023ರಿಂದ ಅದರ ಮ್ಯಾಚ್‌ಗಳು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರಿಗೂ, ಜೊತೆಗೆ ಬಿಗ್ ಟೆನ್ ನೆಟ್‌ವರ್ಕ್‌ಗೂ ಹಂಚಿಹೋಗಿವೆ. ಇನ್ನೊಂದು ಗುಂಪಿನ ಊರಿಗೆ ಹೋಗಿ ಆಡಿದ್ರೆ ಆ ಊರಿನವರ ಚಾನೆಲ್. ಓಕ್ಲಹೋಮದಲ್ಲಿ ಆಡಿದ್ದು ಎಬಿಸಿಯಲ್ಲಿ ಬಂದಿದ್ದು ಅದಕ್ಕೇ. ಇದರ ಮೇಲೆ, ಎಷ್ಟೋ ಮ್ಯಾಚ್ ಯಾವ ಚಾನೆಲ್‌ಗೆ ಅನ್ನೋದು ಗೊತ್ತಾಗೋದೇ 12 ದಿನ ಮುಂಚೆ, ಕೆಲವು ಸಲ 6 ದಿನ.

ಆದ್ರೆ ಈ ಪಟ್ಟಿಯಲ್ಲಿ ಒಂದು ವಿಷಯ ಇದೆ. ಫಾಕ್ಸ್, ಸಿಬಿಎಸ್, ಎನ್‌ಬಿಸಿ, ಎಬಿಸಿ ನಾಲ್ಕೂ ಗಾಳಿಯಲ್ಲಿ ಬಿಟ್ಟಿ ಬರ್ತವೆ, ನಮ್ಮ ಹಳೇ ದೂರದರ್ಶನದ ಹಾಗೆ. ಆಂಟೆನಾ ಇದ್ರೆ ಸಾಕು. ಟೀವಿಯಲ್ಲಿ ಟ್ಯೂನರ್ ಮಾತ್ರ ಇರಬೇಕು. ಮಾನಿಟರ್, ಪ್ರೊಜೆಕ್ಟರ್ ಇಟ್ಕೊಂಡಿರೋರಿಗೆ ಟ್ಯೂನರ್ ಪೆಟ್ಟಿಗೆ ಬೇರೆ ಬೇಕಾಗುತ್ತೆ. 2025ರಲ್ಲಿ ಮಿಷಿಗನ್ ಆಡಿದ 12ರಲ್ಲಿ ಫಾಕ್ಸ್ 4, ಎನ್‌ಬಿಸಿ 3, ಸಿಬಿಎಸ್ 1, ಎಬಿಸಿ 1. ಅಂದ್ರೆ ಒಂಬತ್ತು ಮ್ಯಾಚ್ ಪುಕ್ಕಟೆ!

ಹಿಂದಿನ ಬಾಡಿಗೆಯವರು ಬಿಟ್ಟುಹೋಗಿದ್ದ ಹಾಳೆ ಥರದ ಚಪ್ಪಟೆ ಆಂಟೆನಾ ಕಿಟಕಿಗೆ ಅಂಟಿಸಿದ್ವಿ. ಡೆಟ್ರಾಯಿಟ್ ಪಕ್ಕದ ಟವರ್‌ಗಳು ನಮ್ಮಿಂದ ಐವತ್ತು ಕಿಲೋಮೀಟರ್ ಆಸುಪಾಸು. ಮೂರು ಚಾನೆಲ್ ಕನ್ನಡಿ ಹಾಗೆ ಬಂದವು, ಫಾಕ್ಸ್ ಮಾತ್ರ ಚೌಕ ಚೌಕವಾಗಿ ಒಡೀತಿತ್ತು. ನಾಲ್ಕು ಮ್ಯಾಚ್ ಅದರಲ್ಲೇ, ಅದ್ರಲ್ಲೂ ಒಹಾಯೋ ಸ್ಟೇಟ್ ಜೊತೆಗಿನ ವರ್ಷದ ದೊಡ್ಡ ಮ್ಯಾಚೂ ಅದರಲ್ಲೇ. ಇಸಿ ಬ್ರಾಂಚಿನವರು ಈ ಕೆಳಗಿನದನ್ನ ನಿಧಾನಕ್ಕೆ ಓದಿ. ಡೆಟ್ರಾಯಿಟ್ ಫಾಕ್ಸ್ ಟೀವಿಯಲ್ಲಿ ಚಾನೆಲ್ 2 ಅಂತ ತೋರಿಸಿದ್ರೂ ನಿಜವಾಗಿ ಪ್ರಸಾರ ಆಗೋದು 7ರಲ್ಲಿ, 174ರಿಂದ 180 ಮೆಗಾಹರ್ಟ್ಸ್. ಅದು ವಿಎಚ್‌ಎಫ್, ಉಳಿದ ಮೂರೂ ಯುಎಚ್‌ಎಫ್. ಅರ್ಧ ತರಂಗಾಂತರ ಲೆಕ್ಕ ಹಾಕಿದ್ರೆ ಸುಮಾರು 85 ಸೆಂಟಿಮೀಟರ್. ಹಾಳೆ ಆಂಟೆನಾಗೆ ಅಷ್ಟು ಅಗಲ ಎಲ್ಲಿಂದ ಬರಬೇಕು? ಬೇಕಾಗಿದ್ದು ಮೊಲದ ಕಿವಿ ಥರ ಎರಡು ಕಡ್ಡಿ ಇರೋ ಹಳೇ ಕಾಲದ್ದು. ಇಪ್ಪತ್ತು ಡಾಲರ್ ಕೊಟ್ಟು ತಂದ್ವಿ.

ಕಡ್ಡಿ ಎಳೀತಿರೋವಾಗ ಊರಿಂದ ವೀಡಿಯೊ ಕಾಲ್ ಬಂತು. ಅಪ್ಪ ಬಿದ್ದು ಬಿದ್ದು ನಕ್ಕರು. "ಏನೋ, ಅಮೆರಿಕಕ್ಕೆ ಹೋಗಿ ಆಂಟೆನಾ ತಿರುಗಿಸ್ತಾ ಇದ್ದೀಯಾ!" 1996ರ ವರ್ಲ್ಡ್ ಕಪ್‌ಗೆ ಅವರು ಹೆಂಚಿನ ಮೇಲೆ ಹತ್ತಿ ಪೈಪ್ ತಿರುಗಿಸಿದ್ದು, ಕೆಳಗಿಂದ ದೊಡ್ಡಪ್ಪ "ಬಂತು, ಬಂತು, ಹೋಯ್ತು" ಅಂತ ಕೂಗಿದ್ದು ನಮ್ಮನೇಲಿ ಪುರಾಣ. "ಎರಡೂ ಕಡ್ಡಿ ಅಡ್ಡ ಮಲಗಿಸೋ, ಟವರ್ ಕಡೆ ಮುಖ ಮಾಡು" ಅಂದ್ರು. ನಾವು ಟೇಪ್ ಹಿಡಿದು ಒಂದೊಂದು ಕಡ್ಡಿ 42 ಸೆಂಟಿಮೀಟರ್‌ಗೆ ಎಳೆದು ಮಲಗಿಸಿದ್ವಿ. ಫಾಕ್ಸ್ ಬಂತು. ಅವರಿಗೆ ಸ್ಕ್ರೀನ್ ತೋರಿಸಿದೆ, ಬಂದಿದ್ದಕ್ಕೆ ಎಷ್ಟಾಯ್ತು ಅಂತಾನೂ ಹೇಳಿದೆ.

ಉಳಿದಿದ್ದು ಬಿಗ್ ಟೆನ್ ನೆಟ್‌ವರ್ಕಿನ ಮೂರು. ಸೆಪ್ಟೆಂಬರ್ 13ರ ಸೆಂಟ್ರಲ್ ಮಿಷಿಗನ್ ಮ್ಯಾಚ್ ನಮ್ಮೂರಲ್ಲೇ, ಸ್ಟೇಡಿಯಂಗೇ ಹೋದ್ವಿ. (ಆ ಟಿಕೆಟ್ ದುಡ್ಡು ಈ ಲೆಕ್ಕದಲ್ಲಿಲ್ಲ. ಅದು ತೀರ್ಥಯಾತ್ರೆ ಬಾಬ್ತು.) ಇನ್ನೆರಡು ನವೆಂಬರ್ 1 ಮತ್ತು 22. ಆಗಸ್ಟ್‌ನಲ್ಲಿ ಫಾಕ್ಸ್ ಒನ್ ಅನ್ನೋ ಹೊಸ ಆ್ಯಪ್ ಬಂದಿತ್ತು, ತಿಂಗಳಿಗೆ 19.99, ಬಿಗ್ ಟೆನ್ ನೆಟ್‌ವರ್ಕ್ ಅದರೊಳಗೇ ಇದೆ. ನವೆಂಬರ್ 1ಕ್ಕೆ ತಗೊಂಡ್ರೆ ಒಂದೇ ತಿಂಗಳಲ್ಲಿ ಎರಡೂ ಮುಗೀತು. ಒಟ್ಟು 40 ಡಾಲರ್, ತಲೆಗೆ ಹತ್ತು.

ಆ ನವೆಂಬರ್ 1ರ ರಾತ್ರಿ ಪರ್ಡ್ಯೂ ಮ್ಯಾಚ್ ಮಾತ್ರ ಮಜಾ. ಸ್ಟೇಡಿಯಂ ನಮ್ಮನೆಯಿಂದ ಎರಡು ಕಿಲೋಮೀಟರ್. ಅಲ್ಲಿ ಎದ್ದ ಕೂಗು ಗಾಳಿಯಲ್ಲಿ ನಡ್ಕೊಂಡು ಬಂದ್ರೂ ಆರೇ ಸೆಕೆಂಡ್. ಆ್ಯಪ್‌ನ ಚಿತ್ರ ಅರ್ಧ ನಿಮಿಷ ಹಿಂದೆ. ಟೀವಿಯಲ್ಲಿ ಇನ್ನೂ ಆಟಗಾರರು ಸಾಲಾಗಿ ನಿಲ್ತಿದ್ದಾರೆ, ಕಿಟಕಿಯಿಂದ ಫಲಿತಾಂಶ ಬಂದುಬಿಟ್ಟಿದೆ! ಪುಣೆಯವನು ಎದ್ದು ಕಿಟಕಿ ಮುಚ್ಚಿದ. 21–16ರಲ್ಲಿ ಗೆದ್ವಿ. ನವೆಂಬರ್ 29ರ ಒಹಾಯೋ ಸ್ಟೇಟ್ ಮ್ಯಾಚ್ ಆ್ಯಪ್‌ನಲ್ಲೂ ಇತ್ತು, ಆದ್ರೂ ಆಂಟೆನಾದಲ್ಲೇ ನೋಡಿದ್ವಿ. ಹಿಮ ಬೀಳ್ತಿತ್ತು, 27–9ರಲ್ಲಿ ಸೋತ್ವಿ, ಗುಂಟೂರಿನವನು ರಾತ್ರಿ ಊಟಾನೇ ಮಾಡಲಿಲ್ಲ.

ಮುಂದೆ ಎಂಎಸ್‌ಗೆ ಬರೋರು ಈ ಲೆಕ್ಕವನ್ನ ಹಾಗೇ ಎತ್ಕೋಬೇಡಿ. ಮೊದಲು ನಿಮ್ಮ ಕಾಲೇಜು ಯಾವ ಕಾನ್ಫರೆನ್ಸ್ ನೋಡಿ, ಮ್ಯಾಚ್‌ಗಳ ಪಟ್ಟಿ ಎಕ್ಸೆಲ್‌ಗೆ ಹಾಕಿ, ಚಾನೆಲ್ ಗೊತ್ತಾದ ಹಾಗೆ ತುಂಬ್ತಾ ಹೋಗಿ, ದುಡ್ಡು ಕೊಡೋದು ಕೊನೆಗೆ. ಟೆಕ್ಸಾಸ್ ಎ ಅಂಡ್ ಎಂಗೆ ಹೋಗೋರಿಗೆ ಆಂಟೆನಾ ಸಾಲದು. ಅವರ ಎಸ್‌ಇಸಿ ಗುಂಪು 2024ರಿಂದ ಎಬಿಸಿ, ಇಎಸ್‌ಪಿಎನ್ ಕೈಲಿದೆ, ಇಎಸ್‌ಪಿಎನ್‌ನ ಸ್ವಂತ ಆ್ಯಪ್ ತಿಂಗಳಿಗೆ 29.99. ಆ್ಯನ್ ಆರ್ಬರ್‌ಗೇ ಬರೋರಿದ್ರೆ ಕ್ಲಬ್‌ನವರ ಹತ್ರ ಹೇಳಿಡಿ. ಮನೆ ಖಾಲಿ ಮಾಡೋವಾಗ ಆ ಕಡ್ಡಿ ಆಂಟೆನಾ ಯಾರಿಗಾದ್ರೂ ಕೊಡಬೇಕು.